ಹಬ್ಬವೂ ಬೇಕು, ಪಥ್ಯವೂ ಬೇಕು

(ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದ ಕನ್ನಡ ಕಲಿಕಾರ್ಥಿಗಳ ಮುಂದೆ ಎಳ್ಳ ಅಮಾವಾಸ್ಯೆಗೆ ಮೊದಲು ಆಡಿದ ಮಾತು)



ಮೊನ್ನೆ ಪಾಠದಲ್ಲಿ ‘ಹಬ್ಬ’ ಎಂಬ ಪದ ಬಂತು. ಎಲ್ಲರೂ ಪಾಟಿಯ ಮೇಲೆ ಬರೆದಿರಿ. ಹಬ್ಬ ಅಂದ್ರೆ ಏನು ನೆನಪಾಗ್ತದೆ ಅಂತ ಕೇಳಿದೆ. ಹೋಳಿಗೆ, ಹೊಸ ಸೀರೆ, ತವರುಮನೆ ಅಂತ ಒಬ್ಬೊಬ್ಬರು ಒಂದೊಂದು ಹೇಳಿದಿರಿ. ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಮಾತ್ರ, “ನನಗ ಅಂಜಿಕಿ ನೆನಪಾಗ್ತದರಿ” ಅಂದರು. ಯಾಕಕ್ಕಾ ಅಂತ ಕೇಳಿದೆ. “ಶುಗರ್ ಅದ ನೋಡ್ರಿ. ತಿಂದ್ರ ಡಾಕ್ಟರ್ ಬೈತಾರ. ತಿನ್ನಲಿಲ್ಲಂದ್ರ ಮಂದಿ ಬೈತಾರ” ಅಂದರು. ಎಲ್ಲರೂ ನಕ್ಕರು. ಆ ಅಕ್ಕ ನಗಲಿಲ್ಲ.

ಅವರ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಅದಕ್ಕೇ ಇವತ್ತು ಆ ವಿಷಯವನ್ನೇ ಮಾತಾಡೋಣ.

ಆ ಅಕ್ಕ ಒಬ್ಬರೇ ಅಲ್ಲ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಹೇಳಿತು. ಇದು ಈಗ ಶ್ರೀಮಂತರ ಕಾಯಿಲೆ ಅಲ್ಲ. ಹೊಲದಲ್ಲಿ ದುಡಿಯುವವರಿಗೂ ಬರುತ್ತದೆ. ಬಂದವರು ಪಾಪ ಮಾಡಿದವರಲ್ಲ. ಸಕ್ಕರೆ ಜಾಸ್ತಿ ತಿಂದಿದ್ದಕ್ಕೇ ಬಂತು ಅಂತಲೂ ಅಲ್ಲ. ವಂಶ, ವಯಸ್ಸು, ಮೈತೂಕ, ಊಟದ ರೀತಿ, ಹೀಗೆ ಕಾರಣ ಹಲವು.

ಈಗ ನಮ್ಮ ಹಬ್ಬಗಳ ಸಾಲು ನೋಡಿ. ದಸರಾ ಆಯಿತು, ದೀಪಾವಳಿ ಆಯಿತು. ಇನ್ನು ಎಳ್ಳ ಅಮಾವಾಸ್ಯೆ, ಅದರ ಬೆನ್ನಿಗೆ ಸಂಕ್ರಾಂತಿ. ನಡುವೆ ಮದುವೆ, ಸೀಮಂತ, ಜಾತ್ರೆ. ಪಥ್ಯ ಮಾಡುವವರಿಗೆ ಈ ನಾಲ್ಕು ತಿಂಗಳು ದೊಡ್ಡ ಪರೀಕ್ಷೆ.

ನಮ್ಮ ಅವ್ವನ ಕಥೆ

ನಮ್ಮ ಮನೆಯಲ್ಲೇ ನಡೆದದ್ದು ಹೇಳುತ್ತೇನೆ. ನಮ್ಮ ಅವ್ವನಿಗೆ ಎಂಟು ವರ್ಷದಿಂದ ಶುಗರ್ ಇದೆ. ದಿನಾ ಮುಂಜಾನೆ ಗುಳಿಗೆ ನುಂಗುತ್ತಾಳೆ.

ಮೂರು ವರ್ಷದ ಹಿಂದಿನ ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅವತ್ತು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವುದು ನಿಮಗೆ ಗೊತ್ತೇ ಇದೆ. ಐದು ಕಲ್ಲಿಟ್ಟು ಪೂಜೆ ಮಾಡಬೇಕು. ಚರಗ ಚೆಲ್ಲಬೇಕು. ಭೂಮಿತಾಯಿಗೆ ಉಣಿಸಿದ ಮೇಲೆ ನಾವು ಉಣ್ಣಬೇಕು.

ಅವ್ವ ಮುಂಜಾನೆ ಏಳಕ್ಕೆ ಗುಳಿಗೆ ನುಂಗಿದಳು. ಏನೂ ತಿನ್ನಲಿಲ್ಲ. ಪೂಜೆ ಆಗುವ ತನಕ ಉಪವಾಸ ಅಂದಳು. “ಮಧ್ಯಾಹ್ನ ಹೆಂಗೂ ಕಡುಬು ಹೋಳಿಗಿ ಅದಾವ. ಈಗ ಹೊಟ್ಟಿ ಖಾಲಿ ಇಟ್ರ ಸರಿಹೋಗ್ತದ” ಅಂತಲೂ ಲೆಕ್ಕ ಹಾಕಿದ್ದಳು. ಹೈದರಾಬಾದಿನಿಂದ ಅಣ್ಣ ಬರುವುದು ತಡವಾಯಿತು. ಅವನಿಗಾಗಿ ಪೂಜೆ ನಿಂತಿತು. ಒಂದು ಗಂಟೆ ಹೊಡೆಯಿತು.

ಅವ್ವನ ಕೈ ನಡುಗತೊಡಗಿತು. ಡಿಸೆಂಬರ್ ಚಳಿಯಲ್ಲೂ ಸೀರೆ ಬೆವರಿನಿಂದ ಒದ್ದೆಯಾಯಿತು. ಕೇಳಿದ್ದೊಂದು, ಹೇಳಿದ್ದೊಂದು. ಒಬ್ಬರು ಗಾಳಿ ಸೋಕಿದೆ ಅಂದರು. ಇನ್ನೊಬ್ಬರು ಮೈಮೇಲೆ ದೇವರು ಬಂದಿದೆ ಅಂದರು. ಪಕ್ಕದ ಹೊಲಕ್ಕೆ ಬಂದಿದ್ದ ಆಶಾ ಅಕ್ಕ ಓಡಿ ಬಂದು, “ಏನ್ ಗುಳಿಗಿ ನುಂಗ್ಯಾರ? ಯಾವಾಗ ನುಂಗ್ಯಾರ?” ಅಂತ ಕೇಳಿದರು. ನಾನು ಬಿಎ ಓದಿದವಳು. ನನಗೂ ಗೊತ್ತಿರಲಿಲ್ಲ.

ಅವ್ವನಿಗೆ ಇನ್ನೂ ಎಚ್ಚರವಿತ್ತು. ಆಶಾ ಅಕ್ಕ ನೀರಿಗೆ ಸಕ್ಕರೆ ಹಾಕಿ ಕುಡಿಸಿದರು. ಕಾಲು ಗಂಟೆಯಲ್ಲಿ ಅವ್ವ ಕಣ್ಣರಳಿಸಿ ನಮ್ಮನ್ನು ಗುರುತಿಸಿದಳು. ಆಮೇಲೆ ರೊಟ್ಟಿ ಉಣಿಸಿದೆವು.

ಸಂಜೆ ನಾನು ಸಿಟ್ಟಿನಿಂದ, “ಹಸಿವಾದಾಗ ಉಣಬಾರದೇನು?” ಅಂದೆ. ಅವ್ವ ಮೆಲ್ಲಗೆ ಹೇಳಿದಳು: “ದೇವರಿಗಿಂತ ಮೊದಲ, ಎಲ್ಲಾರ ಮುಂದ, ನಾ ಒಬ್ಬಾಕಿ ಹೆಂಗ ಉಣ್ಲಿ?”

ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗಿದ್ದೇನು?

ನಾವೆಲ್ಲ ಶುಗರ್ ಏರುವುದಕ್ಕೆ ಮಾತ್ರ ಅಂಜುತ್ತೇವೆ. ಅದು ಇಳಿದರೂ ಅಪಾಯವೇ. ಇನ್ಸುಲಿನ್ ಮತ್ತು ಕೆಲವು ಗುಳಿಗೆಗಳು ಊಟ ಮಾಡದಿದ್ದರೂ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಆಗ ರಕ್ತದಲ್ಲಿನ ಸಕ್ಕರೆ ಇಳಿದುಬಿಡುತ್ತದೆ. ಪರೀಕ್ಷೆಯ ಯಂತ್ರದಲ್ಲಿ 70ಕ್ಕಿಂತ ಕಡಿಮೆ ಬಂದರೆ ಇಳಿದಿದೆ ಎಂದು ತಿಳಿಯಬೇಕು. ನಡುಕ, ಬೆವರು, ಎದೆ ಹೊಡೆದುಕೊಳ್ಳುವುದು, ಕಣ್ಣು ಮಂಜಾಗುವುದು, ಮಾತು ತಪ್ಪುವುದು ಇದರ ಗುರುತು.

ಆಗ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ನೋಡಬೇಕು. ಸುಧಾರಿಸದಿದ್ದರೆ ಮತ್ತೊಮ್ಮೆ ಕುಡಿಸಬೇಕು. ಸುಧಾರಿಸಿದ ಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಉಸಿರಿನ ನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ ಕೂಡಲೇ 108ಕ್ಕೆ ಫೋನ್ ಮಾಡಬೇಕು.

ಎಲ್ಲಾ ಗುಳಿಗೆಗಳೂ ಹೀಗೆ ಸಕ್ಕರೆ ಇಳಿಸುವುದಿಲ್ಲ. ನಿಮ್ಮದು ಯಾವುದು ಎಂದು ಡಾಕ್ಟರನ್ನು ಕೇಳಿ. ಉಪವಾಸ ಮಾಡುವ ಮನಸ್ಸಿದ್ದರೆ ಹಬ್ಬಕ್ಕೆ ನಾಲ್ಕಾರು ದಿನ ಮೊದಲೇ ಕೇಳಿ. ನೀವೇ ಗುಳಿಗೆ ಬಿಡಬೇಡಿ, ನೀವೇ ಹೆಚ್ಚಿಸಬೇಡಿ. “ಇವತ್ತು ಎರಡು ಹೋಳಿಗೆ ತಿಂದೆ, ಎರಡು ಗುಳಿಗೆ ನುಂಗುತ್ತೇನೆ” ಅನ್ನುವವರಿದ್ದಾರೆ. ಇದು ಬೆಂಕಿಯ ಜತೆ ಆಟ.

ಉಪವಾಸ ಬಿಟ್ಟರೆ ದೇವರು ಮುನಿಯುತ್ತಾನೆಯೇ? ನಮ್ಮ ಮುಸಲ್ಮಾನ ನೆರೆಯವರನ್ನು ನೋಡಿ. ರಂಜಾನ್ ಉಪವಾಸ ಎಷ್ಟು ಕಟ್ಟುನಿಟ್ಟು! ಆದರೂ ಕಾಯಿಲೆಯವರಿಗೆ ಕುರಾನಿನಲ್ಲೇ ವಿನಾಯಿತಿ ಇದೆ. ಚರಗದ ಹಬ್ಬವಂತೂ ಭೂಮಿತಾಯಿಗೆ ಉಣಿಸುವ ಹಬ್ಬ. ಉಣಿಸುವ ತಾಯಿ ತನ್ನ ಮಗಳು ಹಸಿದು ಬೀಳಲಿ ಅನ್ನುತ್ತಾಳೆಯೇ?

ಬೇರೆ ತಾಟಿನ ನೋವು

ಮರುವರ್ಷ ನಾವು ಬಹಳ ಜಾಣರಾದೆವು. ಅವ್ವನಿಗೆ ಬೇರೆ ಅಡುಗೆ ಮಾಡಿದೆವು. ಉಪ್ಪಿಲ್ಲ, ಬೆಲ್ಲವಿಲ್ಲ, ರುಚಿಯಿಲ್ಲ. ಎಲ್ಲರೂ ಸಾಲಾಗಿ ಕುಳಿತೆವು. ಅವ್ವನ ತಾಟು ಮಾತ್ರ ಬೇರೆ. ಕಡುಬು ಬಡಿಸುವಾಗ ಅತ್ತಿಗೆ ಅವ್ವನನ್ನು ದಾಟಿ ಮುಂದೆ ಹೋದಳು. ಅವ್ವ ಎರಡು ತುತ್ತು ತಿಂದು ಎದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆ ಮನೆಯಲ್ಲಿ ಸದ್ದಾಯಿತು. ಹೋಗಿ ನೋಡಿದರೆ ಅವ್ವ ಕತ್ತಲಲ್ಲಿ ನಿಂತು ಹೋಳಿಗೆ ತಿನ್ನುತ್ತಿದ್ದಳು. ಒಂದಲ್ಲ, ಮೂರು. ನನ್ನ ನೋಡಿ ಸೆರಗಿನಲ್ಲಿ ಮುಚ್ಚಿಕೊಂಡಳು.

ನಮ್ಮನ್ನು ಸಾಕಿದ ಅವ್ವ ನಮ್ಮ ಮನೆಯಲ್ಲೇ ಕಳ್ಳಿಯ ಹಾಗೆ ತಿನ್ನುವಂತೆ ಮಾಡಿದವರು ಯಾರು? ನಾವೇ.

ಅವತ್ತು ನನಗೆ ತಿಳಿಯಿತು. ಪಥ್ಯವನ್ನು ಒಬ್ಬರ ತಲೆಯ ಮೇಲೆ ಹೊರಿಸಿದರೆ ಅದು ನಿಲ್ಲುವುದಿಲ್ಲ. ಮನೆಮಂದಿಯೆಲ್ಲ ಒಂದೊಂದು ಪಾಲು ಹೊರಬೇಕು.

ಒಂದೇ ಅಡುಗೆ, ಎಲ್ಲರಿಗೂ

ಈಗ ನಮ್ಮ ಮನೆಯಲ್ಲಿ ಹಬ್ಬಕ್ಕೆ ಒಂದೇ ಅಡುಗೆ. ನೋಡಿದರೆ ಎಳ್ಳ ಅಮಾವಾಸ್ಯೆಯ ಊಟದಲ್ಲೇ ಒಳ್ಳೆಯದು ಬಹಳ ಇದೆ. ಭಜ್ಜಿಯಲ್ಲಿ ಅವರೆ, ತೊಗರಿ, ಕಡಲೆ, ಬಟಾಣಿ, ಸೊಪ್ಪು, ತರಕಾರಿ ಎಲ್ಲಾ ಇರುತ್ತವೆ. ಕಾಳು ಮತ್ತು ಸೊಪ್ಪು ಹೊಟ್ಟೆ ತುಂಬಿಸುತ್ತವೆ, ಸಕ್ಕರೆಯನ್ನು ಒಮ್ಮೆಲೇ ಏರಿಸುವುದಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಜಹೀರಾಬಾದ್ ಹತ್ತಿರದ ಪಸ್ತಾಪೂರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ರೈತ ಹೆಣ್ಣುಮಕ್ಕಳು ಸಜ್ಜೆ, ನವಣೆಯ ಬೀಜ ಉಳಿಸಿದರು. ಆ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಒಳ್ಳೆಯ ಧಾನ್ಯ ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ.

ಆದರೆ ಎರಡು ತಪ್ಪು ತಿಳಿವಳಿಕೆ ಬಿಡಬೇಕು.

ಒಂದು: ‘ಸಜ್ಜೆ, ಜೋಳ ಎಷ್ಟು ತಿಂದರೂ ನಡೆಯುತ್ತದೆ.’ ಇಲ್ಲ. ಅವುಗಳಲ್ಲೂ ಪಿಷ್ಟ ಇದೆ. ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಅನ್ನಕ್ಕಿಂತ ನಿಧಾನ, ಅಷ್ಟೇ. ರೊಟ್ಟಿಗೂ ಲೆಕ್ಕ ಇರಲಿ. ಅಂಬಲಿಗೂ ಲೆಕ್ಕ ಇರಲಿ.

ಎರಡು: ‘ಸಕ್ಕರೆ ಬೇಡ, ಬೆಲ್ಲ ಆದರೆ ನಡೆಯುತ್ತದೆ.’ ಇಲ್ಲ. ಬೆಲ್ಲ, ಜೇನುತುಪ್ಪ ಎರಡೂ ಶುಗರ್ ಏರಿಸುತ್ತವೆ.

ಹಾಗಾದರೆ ಸಿಹಿ ಪೂರ್ತಿ ಬಿಡಬೇಕೆ? ಡಾಕ್ಟರ್ ಒಪ್ಪಿದರೆ, ಶುಗರ್ ಹಿಡಿತದಲ್ಲಿದ್ದರೆ, ಊಟದ ಜತೆ ಒಂದು ಚೂರು ತಿನ್ನಬಹುದು. ಆ ಹೊತ್ತು ಅನ್ನವನ್ನೋ ರೊಟ್ಟಿಯನ್ನೋ ಅಷ್ಟು ಕಡಿಮೆ ಮಾಡಬೇಕು. ನಮ್ಮ ಅತ್ತಿಗೆ ಈಗ ಹೋಳಿಗೆಯನ್ನು ಅಂಗೈಯಷ್ಟೇ ಮಾಡುತ್ತಾಳೆ. ಎಲ್ಲರಿಗೂ ಅದೇ. ಅವ್ವನಿಗೆ ಅದರಲ್ಲಿ ಅರ್ಧ. ಇನ್ನರ್ಧ ಮೊಮ್ಮಗಳಿಗೆ. ಅವ್ವ ಎಲ್ಲರ ನಡುವೆ ಕುಳಿತು ಉಣ್ಣುತ್ತಾಳೆ. ರಾತ್ರಿ ಅಡುಗೆ ಮನೆಯಲ್ಲಿ ಸದ್ದಿಲ್ಲ.

ಪೂಜೆಯ ವಿಷಯವೂ ಬದಲಾಯಿತು. ಅವ್ವ ಮುಂಜಾನೆ ಗುಳಿಗೆಯ ಜತೆ ನಾಷ್ಟಾ ಮಾಡುತ್ತಾಳೆ. ಪೂಜೆಯನ್ನೂ ಬೇಗ ಮುಗಿಸುತ್ತೇವೆ. ತಡವಾಗಿ ಬಂದವರು ಬಂದ ಮೇಲೆ ಕೈ ಮುಗಿಯುತ್ತಾರೆ.

ಬಿಪಿ ಇದ್ದವರಿಗೂ ಒಂದು ಮಾತು. ದೊಡ್ಡವರಿಗೆ ದಿನಕ್ಕೆ ಒಂದು ಚಿಕ್ಕ ಚಮಚ, ಅಂದರೆ 5 ಗ್ರಾಂ, ಅದರೊಳಗೇ ಉಪ್ಪು ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಅಂಗಡಿಯ ಚೂಡಾದಲ್ಲಿ ಇರುವ ಉಪ್ಪೂ ಇದರಲ್ಲೇ ಸೇರಿತು. ಕಿಡ್ನಿ ತೊಂದರೆ ಇದ್ದವರ ಪಥ್ಯ ಬೇರೆ. ಅವರಿಗೆ ಕಾಳು, ಎಳನೀರು ಕೂಡ ಲೆಕ್ಕದಲ್ಲಿರಬೇಕಾಗಬಹುದು. ಅವರು ಡಾಕ್ಟರ್ ಹೇಳಿದಂತೆಯೇ ನಡೆಯಬೇಕು.

ಒಲ್ಲೆ ಅನ್ನುವುದು ಹೇಗೆ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂತ ಗಾದೆ ಇದೆ. ಹಬ್ಬದ ದಿನ ಈ ಗಾದೆಯ ಎರಡೂ ತುಂಡು ಬೇಕು.

ಬೀಗರ ಮನೆಗೆ ಹೋದಿರಿ. ಅವರು ಬಟ್ಟಲ ತುಂಬ ಪಾಯಸ ತಂದರು. “ನಮ್ಮ ಮನಿ ಪಾಯಸ ಒಲ್ಲೇನ್ರಿ?” ಅಂದರು. ಅಲ್ಲಿ ಮುಖ ಕೆಡಿಸಬೇಡಿ, ಸುಳ್ಳೂ ಹೇಳಬೇಡಿ. “ಅಕ್ಕಾ, ನನಗ ಶುಗರ್ ಅದರಿ. ನಿಮ್ಮ ಕೈಯಾಗಿನ ಮಜ್ಜಿಗಿ ಕೊಡ್ರಿ, ಪ್ರೀತಿಲೆ ಕುಡಿತೀನಿ” ಅನ್ನಿ. ಬೇಡ ಅನ್ನುವ ಜತೆಗೆ ಏನು ಬೇಕು ಅಂತಲೂ ಹೇಳಿ. ಕೊಡುವವರ ಮನಸ್ಸೂ ತುಂಬುತ್ತದೆ. ಉಡಿ ತುಂಬಿದ ಉಂಡಿಯನ್ನು ಕಣ್ಣಿಗೆ ಒತ್ತಿಕೊಂಡು ಮನೆಗೆ ತನ್ನಿ. ಮಕ್ಕಳು ತಿನ್ನುತ್ತಾರೆ.

ಬಡಿಸುವವರಿಗೂ ನನ್ನ ವಿನಂತಿ. “ಒಂದು ದಿನಕ್ಕ ಏನಾಗ್ತದ, ತಿನ್ರಿ” ಅನ್ನಬೇಡಿ. ಒಂದು ದಿನ ಅನ್ನುವ ಮನೆ ಹತ್ತು ಇರುತ್ತವೆ. ಹತ್ತು ಮನೆಗೆ ಹತ್ತು ದಿನ ಆಯಿತು. ಒತ್ತಾಯ ಮಾಡಿ ಉಣಿಸುವುದೇ ಪ್ರೀತಿ ಅಂದುಕೊಂಡಿದ್ದೇವೆ. ಕೇಳಿ ಉಣಿಸುವುದೂ ಪ್ರೀತಿಯೇ.

ನಿಮ್ಮ ಚೀಟಿ ನೀವೇ ಬರೆಯಿರಿ

ಈಗ ಅಕ್ಷರದ ಮಾತಿಗೆ ಬರೋಣ. ನಾವು ಮನೆಯಲ್ಲಿ ಕನ್ನಡ ಮಾತಾಡುವವರು. ದವಾಖಾನೆಯಲ್ಲಿ ತೆಲುಗು. ಗುಳಿಗೆಯ ಪಟ್ಟಿಯ ಮೇಲೆ ಇಂಗ್ಲಿಷ್. ಆದರೆ ಅಂಕಿ ಎಲ್ಲಾ ಕಡೆ ಒಂದೇ. 70 ಎಂದರೆ ಎಲ್ಲಿ ಹೋದರೂ 70. ಅದನ್ನು ನೀವು ಓದಬಲ್ಲಿರಿ.

ಇವತ್ತು ಎಲ್ಲರೂ ಒಂದು ಚೀಟಿ ಬರೆಯೋಣ. ಹೀಗೆ:

ನನ್ನ ಹೆಸರು: ......
ನನಗೆ ಶುಗರ್ ಇದೆ.
ಗುಳಿಗೆಯ ಹೆಸರು: ......
ನುಂಗುವ ಹೊತ್ತು: ......
ಹಿಂದಿನ ಪರೀಕ್ಷೆಯ ಅಂಕಿ: ...... ತಾರೀಖು: ......
ಮನೆಯವರ ಫೋನ್: ......
ನಾನು ನಡುಗಿದರೆ, ಬೆವರಿದರೆ, ಎಚ್ಚರ ಇದ್ದರೆ, ಸಕ್ಕರೆ ನೀರು ಕುಡಿಸಿ. ಎಚ್ಚರ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ಗುಳಿಗೆಯ ಹೆಸರನ್ನು ಔಷಧಿ ಅಂಗಡಿಯವರಿಂದ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳಿ. ಗುಳಿಗೆಯ ಖಾಲಿ ಪಟ್ಟಿಯನ್ನೂ ಜತೆಗಿಡಿ. ಯಾವ ಡಾಕ್ಟರ್ ಆದರೂ ಓದಿ ತಿಳಿಯುತ್ತಾರೆ. ಚೀಟಿಯ ಜತೆ ಒಂದು ಚಿಕ್ಕ ಪುಡಿಕೆ ಸಕ್ಕರೆ ಇರಲಿ. ಅದು ತಿಂಡಿ ಅಲ್ಲ, ಔಷಧಿ.

ಶುಗರ್ ಇದೆಯೋ ಇಲ್ಲವೋ ಗೊತ್ತಿಲ್ಲದವರು, 30 ವರ್ಷ ದಾಟಿದ್ದರೆ, ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ದುಡ್ಡು ಕೊಡಬೇಕಿಲ್ಲ.

ಕೊನೆಗೆ ಒಂದು ಮಾತು. 1921ರಲ್ಲಿ ಕೆನಡಾ ದೇಶದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಎಂಬ ಡಾಕ್ಟರ್ ಮತ್ತು ಅವರ ಜತೆಗಾರರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಅದನ್ನು ಮೊದಲು ಕೊಟ್ಟರು. ಅದಕ್ಕೆ ಮುಂಚೆ ಅಂಥ ಮಕ್ಕಳನ್ನು ಉಪವಾಸ ಕೆಡವುವುದೇ ಚಿಕಿತ್ಸೆ. ಹಸಿವಿನಲ್ಲೇ ಅವು ಸೊರಗುತ್ತಿದ್ದವು. ಇವತ್ತು ಆ ಕಾಲ ಇಲ್ಲ. ಔಷಧಿ ಇದೆ, ಪರೀಕ್ಷೆ ಇದೆ. ಶುಗರ್ ಇದ್ದವರೂ ಉಣ್ಣುತ್ತಾ, ದುಡಿಯುತ್ತಾ, ಹಬ್ಬ ಮಾಡುತ್ತಾ ಬಾಳಬಹುದು. ಬ್ಯಾಂಟಿಂಗ್ ಹುಟ್ಟಿದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನ ಎಂದು ಆಚರಿಸುತ್ತಾರೆ.

ನಮ್ಮ ಅವ್ವ ಹೋದ ವರ್ಷ ಈ ಚೀಟಿಯನ್ನು ತಾನೇ ಬರೆದಳು. ‘ಗುಳಿಗೆ’ ಅಂತ ಬರೆಯಲು ಮೂರು ಸಲ ಅಳಿಸಿದಳು. ಬರೆದು ಮುಗಿಸಿ ಸೊಂಟದ ಸಂಚಿಯಲ್ಲಿ ಇಟ್ಟುಕೊಂಡಳು. ಈ ಸಲವೂ ಅದೇ ಚೀಟಿ ಇಟ್ಟುಕೊಂಡು ಹೊಲಕ್ಕೆ ಬರುತ್ತಾಳೆ.

ಈಗ ಎಲ್ಲರೂ ಹಾಳೆ ತೆಗೆಯಿರಿ. ಹಿಂದೆ ಕುಳಿತ ಅಕ್ಕಾ, ನೀವು ಮುಂದೆ ಬನ್ನಿ. ನಿಮ್ಮ ಚೀಟಿ ಮೊದಲು ಬರೆಯೋಣ.