ತುಕ್ಕು ಕಾಣುವ ಜಾಗ, ಕಬ್ಬಿಣ ಸವೆಯುವ ಜಾಗ



ರಸಾಯನಶಾಸ್ತ್ರದ ಉಪನ್ಯಾಸ ಎಂದಕೂಡಲೇ ಬಾಗಿಲ ಹತ್ತಿರದ ಕುರ್ಚಿ ಹಿಡಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಇವತ್ತು ಬೋರ್ಡಿನ ಮೇಲೆ ಒಂದು ಸಮೀಕರಣವನ್ನೂ ಬರೆಯುವುದಿಲ್ಲ. ಹಡಗೊಂದರ ಕಥೆಯಿಂದ ಶುರುಮಾಡೋಣ.

1761ರಲ್ಲಿ ಬ್ರಿಟಿಷ್ ನೌಕಾಪಡೆ 'ಅಲಾರ್ಮ್' ಎಂಬ ಯುದ್ಧನೌಕೆಯ ಮರದ ತಳಕ್ಕೆ ತಾಮ್ರದ ತಗಡು ಹೊದಿಸಿತು. ಮರ ಕೊರೆಯುವ ಕಡಲ ಹುಳುಗಳನ್ನು ದೂರವಿಡುವುದು ಉದ್ದೇಶ. ಹಡಗು ವೆಸ್ಟ್ ಇಂಡೀಸ್‌ಗೆ ಹೋಗಿಬಂತು. 1763ರಲ್ಲಿ ತಳ ಪರೀಕ್ಷಿಸಿದಾಗ ಹುಳುಗಳ ಕಾಟವೇನೋ ನಿಂತಿತ್ತು. ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಎಷ್ಟೋ ಕಡೆ ತಿಂದುಹೋಗಿದ್ದವು. ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿಯೇ ಉಳಿದಿದ್ದವು. ತಗಡುಗಳಿಗೆ ಸುತ್ತಿ ಬಂದಿದ್ದ ಕಂದು ಕಾಗದ ಅಲ್ಲಿ ಕಬ್ಬಿಣಕ್ಕೂ ತಾಮ್ರಕ್ಕೂ ನಡುವೆ ಉಳಿದುಬಿಟ್ಟಿತ್ತು. ಅದೇ ಸಮುದ್ರ, ಅದೇ ಉಪ್ಪು, ಅದೇ ಕಾಲಾವಧಿ. ವ್ಯತ್ಯಾಸ ಒಂದು ಚೂರು ಕಾಗದದ್ದು. ಎರಡು ಲೋಹಗಳು ತಾಗದಂತೆ ನೋಡಿಕೊಳ್ಳಬೇಕು ಎಂಬುದು ಅಲ್ಲಿನವರಿಗೆ ಗೊತ್ತಾಯಿತು. ಏಕೆ ಎಂಬುದು ಗೊತ್ತಾಗುವಂತಿರಲಿಲ್ಲ. ವೋಲ್ಟಾನ ಬ್ಯಾಟರಿ ಬಂದದ್ದು 1800ರಲ್ಲಿ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ.

ಉತ್ತರ ಆ ಎಲೆಕ್ಟ್ರಾನಿನಲ್ಲೇ ಇದೆ. ಕಬ್ಬಿಣದ ಒಂದು ಪರಮಾಣುವಿನ ಬೀಜಕೇಂದ್ರದಲ್ಲಿ 26 ಪ್ರೋಟಾನುಗಳು, ಸುತ್ತ 26 ಎಲೆಕ್ಟ್ರಾನುಗಳು. ತೀರ ಹೊರಗಿನ ಎರಡರ ಮೇಲೆ ಹಿಡಿತ ಸಡಿಲ. ರಾಸಾಯನಿಕ ಕ್ರಿಯೆ ಎಂದು ನಾವು ಕರೆಯುವುದೆಲ್ಲ ಇಂಥ ಹೊರಗಿನ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆ. ಬೀಜಕೇಂದ್ರದ ತಂಟೆಗೆ ಅದು ಹೋಗುವುದೇ ಇಲ್ಲ. ಹಾಗಾಗಿ ಮೊಳೆ ಪುಡಿಯಾದರೂ ಅದರಲ್ಲಿದ್ದ ಕಬ್ಬಿಣದ ಒಂದು ಪರಮಾಣುವೂ ನಾಶವಾಗುವುದಿಲ್ಲ. ಕೊಟ್ಟವರ ಗತಿ ಮಾತ್ರ ಬದಲಾಗುತ್ತದೆ. ಈ ಉಪನ್ಯಾಸಕ್ಕೆ ದತ್ತಿ ಸ್ಥಾಪಿಸಿ ವೇದಿಕೆಯ ಮೇಲಿರುವ ದಾನಿಗಳು ಕ್ಷಮಿಸಬೇಕು: ದತ್ತಿ ಕೊಟ್ಟವರು ತಮ್ಮ ಮನೆಯಲ್ಲೇ ಇರುತ್ತಾರೆ, ಎಲೆಕ್ಟ್ರಾನು ಕೊಟ್ಟ ಕಬ್ಬಿಣದ ಪರಮಾಣು ಮನೆ ಬಿಟ್ಟು ನೀರಿಗಿಳಿಯುತ್ತದೆ.

ಕೆಮ್ಮಣ್ಣುಗುಂಡಿಯ ಅದಿರನ್ನು ನೆನೆಸಿಕೊಳ್ಳಿ. ಅಲ್ಲಿ ಕಬ್ಬಿಣ ಆಮ್ಲಜನಕದೊಡನೆ ಕೂಡಿಕೊಂಡೇ ಇತ್ತು. 1923ರಲ್ಲಿ ಶುರುವಾದ ಭದ್ರಾವತಿಯ ಕಾರ್ಖಾನೆ ಮಲೆನಾಡಿನ ಮರದ ಇದ್ದಿಲು ಸುಟ್ಟು ಆ ಆಮ್ಲಜನಕವನ್ನು ಕಿತ್ತು ತೆಗೆಯುತ್ತಿತ್ತು. ಅಷ್ಟು ಶಾಖ ಸುರಿದು ಬೇರ್ಪಡಿಸಿದ್ದು ಅವಕಾಶ ಸಿಕ್ಕಾಗ ಮತ್ತೆ ಕೂಡಿಕೊಂಡರೆ ಆಶ್ಚರ್ಯಪಡಬೇಕಾದ್ದೇನೂ ಇಲ್ಲ.

ಕಬ್ಬಿಣ, ಗಾಳಿ, ನೀರು ಸೇರಿದರೆ ತುಕ್ಕು ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಸುಳ್ಳಲ್ಲ. ಆದರೆ ಮೂರೂ ಒಂದೇ ಬಿಂದುವಿನಲ್ಲಿ ಸೇರಿ ಕೆಲಸ ಮುಗಿಸುತ್ತವೆ ಎಂಬ ಚಿತ್ರ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲಿಯೇ. ಆ ಚಿತ್ರವನ್ನು ಅಳಿಸಿದ್ದು ಕೇಂಬ್ರಿಜ್‌ನ ಯೂಲಿಕ್ ಇವಾನ್ಸ್ ಮಾಡಿ ತೋರಿಸಿದ ಒಂದು ಪ್ರಯೋಗ. ಉಜ್ಜಿ ಶುಚಿಮಾಡಿದ ಕಬ್ಬಿಣದ ಹಲಗೆಯ ಮೇಲೆ ಒಂದೇ ಒಂದು ಹನಿ ಉಪ್ಪುನೀರು. ಹನಿಯಲ್ಲಿ ಎರಡು ಸೂಚಕಗಳು: ಕ್ಷಾರ ಕಂಡರೆ ಗುಲಾಬಿಯಾಗುವ ಫಿನಾಲ್ಫ್ತಲೀನ್, ಕಬ್ಬಿಣ ಕರಗಿ ಬಂದರೆ ನೀಲಿಯಾಗುವ ಪೊಟ್ಯಾಸಿಯಂ ಫೆರಿಸಯನೈಡ್.

ಮೊದಮೊದಲು ಬಣ್ಣದ ಚುಕ್ಕೆಗಳು ಎಲ್ಲೆಂದರಲ್ಲಿ ಏಳುತ್ತವೆ. ಹನಿಯಲ್ಲಿ ಕರಗಿದ್ದ ಆಮ್ಲಜನಕ ಖರ್ಚಾಗುತ್ತಾ ಬಂದಂತೆ ಚಿತ್ರ ಬದಲಾಗುತ್ತದೆ. ಅಂಚಿನಲ್ಲಿ ನೀರು ತೆಳು, ಗಾಳಿ ಹತ್ತಿರ, ಅಲ್ಲಿಗೆ ಹೊಸ ಆಮ್ಲಜನಕ ಬರುತ್ತಲೇ ಇರುತ್ತದೆ. ಮಧ್ಯದಲ್ಲಿ ನೀರು ದಪ್ಪ, ಆಮ್ಲಜನಕಕ್ಕೆ ಬರ. ಸ್ವಲ್ಪ ಹೊತ್ತಿನಲ್ಲಿ ಅಂಚು ಪೂರ್ತಿ ಗುಲಾಬಿ, ನಡುಮಧ್ಯ ನೀಲಿ, ಎರಡರ ನಡುವೆ ಕಂದು ತುಕ್ಕಿನ ಉಂಗುರ. ಅರ್ಥ ಇಷ್ಟು: ಮಧ್ಯದಲ್ಲಿ ಕಬ್ಬಿಣ ಎಲೆಕ್ಟ್ರಾನು ಬಿಟ್ಟು ಕರಗುತ್ತಿದೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಅಂಚಿಗೆ ಹೋಗುತ್ತವೆ. ಅಲ್ಲಿ ಆಮ್ಲಜನಕ ಅವನ್ನು ಪಡೆದು, ನೀರಿನೊಂದಿಗೆ ಸೇರಿ ಕ್ಷಾರವಾಗುತ್ತದೆ. ಕರಗಿದ ಕಬ್ಬಿಣವೂ ಈ ಕ್ಷಾರವೂ ಎದುರಾದಲ್ಲಿ ತುಕ್ಕು.

ಈಗ ತಿರುವು ನೋಡಿ. ಕಬ್ಬಿಣ ಸವೆದದ್ದು ಎಲ್ಲಿ? ಗಾಳಿ ಆಡುವಲ್ಲಲ್ಲ, ಗಾಳಿ ಕಡಿಮೆ ಇರುವಲ್ಲಿ. ತುಕ್ಕು ಕುಳಿತದ್ದು ಇನ್ನೊಂದು ಕಡೆ. ಕಣ್ಣಿಗೆ ಕಾಣುವ ಕೆಂಪು ಪುಡಿ ನಷ್ಟದ ವಿಳಾಸ ಹೇಳುವುದಿಲ್ಲ.

ಇದು ಗೊತ್ತಾದಮೇಲೆ ಮನೆಯ ಸುತ್ತ ಒಂದು ಸುತ್ತು ಬನ್ನಿ. ಗೇಟಿನ ಬಯಲು ಸರಳಿಗಿಂತ ಅದರ ಬುಡದಲ್ಲಿ ಮಣ್ಣು ಮೆತ್ತಿಕೊಂಡ ಭಾಗ ಬೇಗ ತೂತಾಗುತ್ತದೆ. ಬೋಲ್ಟಿನ ತಲೆ ಚೆನ್ನಾಗಿದ್ದರೂ ವಾಷರಿನ ಅಡಿ ತಿಂದುಹೋಗಿರುತ್ತದೆ. ಕಬ್ಬಿಣದ ಟ್ಯಾಂಕಿನ ತಳದಲ್ಲಿ ಕೆಸರು ಕುಳಿತ ಕಡೆಯೇ ಸೋರಿಕೆ. ಬಣ್ಣ ಬಳಿದರೆ ಮುಗಿಯಿತು ಅನ್ನುವವರು ಬಣ್ಣ ಸೀಳಿದ ಗೆರೆಯ ಒಳಗೆ, ಬಣ್ಣದ ಅಡಿಯಲ್ಲೇ ಸವೆತ ಹರಡುವುದನ್ನು ನೋಡಿರುತ್ತಾರೆ.

ಕಾಂಕ್ರೀಟಿನ ವಿಷಯ ಇನ್ನೂ ಗಂಭೀರ. ಸಿಮೆಂಟಿನ ತೀವ್ರ ಕ್ಷಾರಗುಣದಲ್ಲಿ ಒಳಗಿನ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕುಳಿತು ಅದನ್ನು ಕಾಯುತ್ತದೆ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಗಾಳಿಯಲ್ಲಿ ಉಪ್ಪಿದೆ. ಮರಳು ಸರಿಯಾಗಿ ತೊಳೆಯದಿದ್ದರೆ ಅದರಲ್ಲೂ ಇರುತ್ತದೆ. ಉಪ್ಪಿನ ಕ್ಲೋರೈಡ್ ಆ ಪದರವನ್ನು ಅಲ್ಲಲ್ಲಿ ಒಡೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಕು. ಒಳಗಿನಿಂದಲೇ ಒತ್ತಿ ಅದು ಕಾಂಕ್ರೀಟನ್ನು ಸೀಳುತ್ತದೆ. ಗಾರೆಯವರನ್ನು ಕರೆಸಿ ಬಿರುಕಿಗೆ ಸಿಮೆಂಟ್ ಮೆತ್ತಿಸಿದರೆ ಸರಳಿಗೆ ಯಾವ ಉಪಕಾರವೂ ಆಗುವುದಿಲ್ಲ.

ಹಡಗಿಗೆ ವಾಪಸಾಗೋಣ. ಕಬ್ಬಿಣ ತಾಮ್ರಕ್ಕೆ ತಾಗಿದಾಗ ಎಲೆಕ್ಟ್ರಾನು ಬಿಡುವುದು ಕಬ್ಬಿಣ, ತಾಮ್ರ ಉಳಿದುಕೊಳ್ಳುತ್ತದೆ. ಮೊಳೆ ಸಣ್ಣದು, ತಗಡು ಅಗಲ. ಅಷ್ಟು ಅಗಲದ ತಗಡಿನ ಮೇಲೆ ಆಮ್ಲಜನಕ ಕೇಳಿದ್ದನ್ನೆಲ್ಲ ಸಣ್ಣ ಮೊಳೆ ಒದಗಿಸಬೇಕು. ಇದನ್ನೇ ತಿರುಗಿಸಿ ಬಳಸಲು ಹೊರಟವನು ಹಂಫ್ರಿ ಡೇವಿ. 1824ರಲ್ಲಿ ಅವನು ತಾಮ್ರದ ತಗಡಿಗೆ ಸತುವಿನ ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ತಾಮ್ರ ಸವೆಯದು ಎಂದು ತೋರಿಸಿದ. ಲೆಕ್ಕ ಅಕ್ಷರಶಃ ನಿಜವಾಯಿತು, ತಾಮ್ರ ಕರಗುವುದು ನಿಂತಿತು. ಆದರೆ ಚಿಪ್ಪುಜೀವಿಗಳನ್ನೂ ಪಾಚಿಯನ್ನೂ ದೂರವಿಟ್ಟಿದ್ದೇ ಕರಗುತ್ತಿದ್ದ ತಾಮ್ರದ ವಿಷ! ಹಡಗಿನ ತಳಕ್ಕೆ ಅವು ಹಿಂಡುಹಿಂಡಾಗಿ ಅಂಟಿಕೊಂಡು ವೇಗ ಕುಗ್ಗಿತು. ನೌಕಾಪಡೆ ಆ ತುಂಡುಗಳನ್ನು ಕೈಬಿಟ್ಟಿತು. ರಸಾಯನಶಾಸ್ತ್ರ ಗೆದ್ದು ಹಡಗು ಸೋತ ಈ ಪ್ರಸಂಗ ನನಗೆ ತುಂಬ ಇಷ್ಟ. ಆದರೂ ಡೇವಿಯ ಉಪಾಯ ಸಾಯಲಿಲ್ಲ. ಇಂದು ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿ ಜೋಡಿಸುತ್ತಾರೆ, ಅದು ಸವೆದಂತೆ ಬದಲಾಯಿಸುತ್ತಾರೆ. ನಮ್ಮ ಜಿಐ ಶೀಟಿನ ಸತುವಿನ ಲೇಪವೂ ಇದೇ ಲೆಕ್ಕದ್ದು: ಗೀರು ಬಿದ್ದರೂ ಮೊದಲು ಕರಗುವುದು ಸತು. ತವರ ಲೇಪಿಸಿದ ಡಬ್ಬಿಯಲ್ಲಿ ಹಾಗಲ್ಲ. ಗೀರು ಬಿದ್ದ ಕಡೆ ತವರ ಉಳಿದು ಕಬ್ಬಿಣವೇ ಸಾಮಾನ್ಯವಾಗಿ ಮೊದಲು ಸವೆಯುತ್ತದೆ.

ದೆಹಲಿಯ ಕಬ್ಬಿಣದ ಕಂಬದ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತೀರಿ. ಗುಪ್ತರ ಕಾಲದ್ದು, ಏಳು ಮೀಟರಿಗೂ ಎತ್ತರ, ಆರು ಟನ್ನಿಗೂ ಹೆಚ್ಚು ತೂಕ. ತುಕ್ಕೇ ಹಿಡಿಯದ ಲೋಹ ಎಂಬ ಹೊಗಳಿಕೆ ಸರಿಯಲ್ಲ. ಹಿಡಿದಿದೆ, ಹಿಡಿದದ್ದರಿಂದಲೇ ಉಳಿದಿದೆ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಅವರ ಅಧ್ಯಯನದ ಪ್ರಕಾರ ಆ ಕಬ್ಬಿಣದಲ್ಲಿ ಇಂದಿನ ಉಕ್ಕಿಗಿಂತ ಎಷ್ಟೋ ಹೆಚ್ಚು, ಸುಮಾರು ಶೇಕಡಾ 0.25ರಷ್ಟು, ರಂಜಕವಿದೆ. ಕುಲುಮೆಗೆ ಸುಣ್ಣಕಲ್ಲು ಹಾಕುತ್ತಿರಲಿಲ್ಲವಾದ್ದರಿಂದ ಅದು ಲೋಹದಲ್ಲೇ ಉಳಿಯಿತು. ದೆಹಲಿಯ ಹವೆಯಲ್ಲಿ ತೇವ ಬಂದು, ಒಣಗಿ, ಮತ್ತೆ ತೇವ ಬಂದಂತೆಲ್ಲ ರಂಜಕ ಮೇಲ್ಮೈಗೆ ಸೇರಿ ಬಿಗಿಯಾದ ಫಾಸ್ಫೇಟ್ ಪದರ ಕಟ್ಟಿತು. ಮಣ್ಣಿನೊಳಗಿದ್ದ ಬುಡಕ್ಕೆ ಮಾತ್ರ ತುಕ್ಕು ಹಿಡಿದಿತ್ತು. ಇವಾನ್ಸನ ಹನಿಯನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕೊಡಚಾದ್ರಿಯಲ್ಲೂ ಕಬ್ಬಿಣದ ಕಂಬವಿದೆ. ಸಹ್ಯಾದ್ರಿಯ ಆ ಮಳೆಯಲ್ಲಿ ಅದು ನಿಂತಿರುವ ಬಗೆಯನ್ನು ದೆಹಲಿಯ ಒಣಹವೆಯ ಉತ್ತರದಿಂದಲೇ ಬಗೆಹರಿಸಿಬಿಡಬಾರದು.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಲ್ಲಿ ಅಗರ್ ಹೆಪ್ಪಿನೊಳಗೆ ಮೊಳೆಗಳನ್ನಿಟ್ಟಿದ್ದೇವೆ, ಅದೇ ಎರಡು ಸೂಚಕ ಬೆರೆಸಿ. ಒಂದು ನೇರ ಮೊಳೆ, ಇನ್ನೊಂದು ಬಗ್ಗಿಸಿದ್ದು. ತಲೆ, ಮೊನೆ ನೀಲಿಯಾಗಿರುತ್ತವೆ, ಏಕೆಂದರೆ ಅಲ್ಲಿ ಲೋಹವನ್ನು ಕುಟ್ಟಿ ರೂಪಿಸಿದ್ದಾರೆ. ಬಗ್ಗಿಸಿದ ಮೊಳೆಯಲ್ಲಿ ಇನ್ನೂ ಎಲ್ಲಿ ನೀಲಿ ಬಂದಿರಬಹುದು ಎಂದು ಮೊದಲು ಊಹಿಸಿ, ಆಮೇಲೆ ಹೋಗಿ ನೋಡಿ. ಪ್ರಶ್ನೆಗಳಿದ್ದರೆ ಅಲ್ಲಿಯೇ ಸಿಗುತ್ತೇನೆ.