ಗೇಟಿಗೂ ಬೀಗ, ಬಾಯಿಗೂ ಬೀಗ!
(ರಾಮಥಾಳದಲ್ಲಿ ಮಾಡಿದ ಭಾಷಣ)

ನಗರದಿಂದ ಬಂದಿರುವ ಕನ್ನಡದ ಗೆಳೆಯರೇ,

ಇಂಥ ಊರುಗಳ ತಾಯ್ತಂದೆಯರೂ ಸಾಲ ಮಾಡಿ ಮಕ್ಕಳನ್ನು ದೊಡ್ಡ ಇಂಗ್ಲಿಷ್ ವಸತಿ ಶಾಲೆಗೆ ಕಳಿಸುತ್ತಾರೆ. ಎತ್ತರದ ಗೋಡೆ, ಕಬ್ಬಿಣದ ಗೇಟು. ಎಷ್ಟೋ ಕಡೆ ಒಳಗೆ ಕನ್ನಡ ಮಾತಾಡಿದರೆ ದಂಡ! ಹಾಗಾದರೆ ಹಾಸ್ಟೆಲಿನಲ್ಲಿ ಕಿರುಕುಳ ಉಂಡ ಮಗು ಯಾವ ಭಾಷೆಯಲ್ಲಿ ಅಳಬೇಕು?

ಇದು ಊಹೆಯಲ್ಲ. ಮಹಾರಾಷ್ಟ್ರದ ರಾಜುರಾದಲ್ಲಿ ಇಂಗ್ಲಿಷ್ ಶಾಲೆಯೊಂದರ ಹಾಸ್ಟೆಲಿನ ಆದಿವಾಸಿ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯವಾಗಿದೆ ಎಂದು 2019ರಲ್ಲಿ ದೂರು ದಾಖಲಾಯಿತು. ಅದೇ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು, ಗೊತ್ತಿದ್ದೂ ದೂರು ಕೊಡದಿರುವುದು ಗಂಭೀರ ಅಪರಾಧ ಎಂದಿತು.

2012ರ ಪೋಕ್ಸೊ ಕಾಯ್ದೆಯ 19ನೇ ಕಲಮು ಓದಿ. ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆದುಕೊಂಡರೆ ದುಭಾಷಿಯನ್ನು ಕೊಡಬೇಕು. ಕೈಕೆಳಗಿನವರ ಅಪರಾಧ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ 21ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು!

ತರುಣರೇ, ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿದರಷ್ಟೇ ಸಾಲದು. ರಜೆಗೆ ಬಂದ ತಮ್ಮನನ್ನು, ತಂಗಿಯನ್ನು ಹತ್ತಿರ ಕೂರಿಸಿಕೊಂಡು ನಮ್ಮ ಮಾತಿನಲ್ಲೇ ಕೇಳಿ: "ಅಲ್ಲಿ ಯಾರರ ತ್ರಾಸ ಕೊಡ್ತಾರೇನು?" ಉತ್ತರ ಕೇಳಿ ಸುಮ್ಮನಾಗಬೇಡಿ. 1098ಕ್ಕೆ ಫೋನ್ ಮಾಡಿ, ಠಾಣೆಗೆ ಹೋಗಿ.

ಗೇಟು ಅವರದಿರಬಹುದು. ಮಗು ನಮ್ಮದು!