ಎ, ಆ್ಯನ್, ದಿ: ಮೂರು ಪುಟ್ಟ ಪದಗಳು



ಇಂಗ್ಲಿಷ್ ವ್ಯಾಕರಣದಲ್ಲಿ ಆರ್ಟಿಕಲ್‌ಗಳೆಂದು ಕರೆಯುವ ಎ, ಆ್ಯನ್ ಮತ್ತು ದಿ ಪದಗಳ ಬಳಕೆ ಇಂದಿನ ವಿಷಯ. ಆಂಧ್ರದ ಗಡಿಗೆ ಅಂಟಿಕೊಂಡಿರುವ ಮುಳಬಾಗಿಲು ತಾಲ್ಲೂಕಿನ ನಂಗಲಿಯಂಥ ಊರಿನಲ್ಲಿ ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುತ್ತವೆ. ಎರಡರಲ್ಲೂ ಆರ್ಟಿಕಲ್ ಎಂಬ ಪದವರ್ಗವಿಲ್ಲ. ಆದ್ದರಿಂದಲೇ ಇಂಗ್ಲಿಷ್ ಬರೆಯುವಾಗ ಇವು ಬಿಟ್ಟುಹೋಗುತ್ತವೆ, ಇಲ್ಲವೇ ಬೇಡದ ಕಡೆ ಬಂದು ಕೂರುತ್ತವೆ.

ಆದರೆ ಇವು ಮಾಡುವ ಕೆಲಸ ನಮಗೆ ಹೊಸದಲ್ಲ. ಅಜ್ಜಿ ಕಥೆ ಹೇಳುವ ಬಗೆಯನ್ನು ನೆನೆಯಿರಿ: ‘ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಮೂವರು ಮಕ್ಕಳು.’ ಕೇಳುಗರಿಗೆ ಇನ್ನೂ ಪರಿಚಯವಿಲ್ಲದವನು ‘ಒಬ್ಬ ರಾಜ’, ಅಂದರೆ ‘ಎ ಕಿಂಗ್’. ಪರಿಚಯವಾದ ಮೇಲೆ ‘ಆ ರಾಜ’, ಅಂದರೆ ‘ದಿ ಕಿಂಗ್’. ತೆಲುಗಿನ ‘ಒಕ’ ಮತ್ತು ‘ಆ’ ಪದಗಳ ಕೆಲಸವೂ ಇದೇ. ಇಂಗ್ಲಿಷಿನ ಆ್ಯನ್ ಕೂಡ ‘ಒಂದು’ ಎಂಬರ್ಥದ ಹಳೆಯ ಪದದಿಂದಲೇ ಬಂದದ್ದು. ವ್ಯಂಜನದ ಮುಂದೆ ನಕಾರ ಬಿದ್ದುಹೋಗಿ ಅದು ಎ ಆಯಿತು.

ವ್ಯತ್ಯಾಸವೊಂದಿದೆ. ‘ಬಸ್ಸು ಬಂತು’ ಎಂದರೆ ಕನ್ನಡದಲ್ಲಿ ಸಾಕು. ಇಂಗ್ಲಿಷಿನಲ್ಲಿ ಯಾವ ಬಸ್ಸೆಂಬ ಸುಳಿವು ಕೊಡಲೇಬೇಕು. ‘ಎ ಬಸ್ ಹ್ಯಾಸ್ ಕಮ್’ ಎಂದರೆ ಯಾವುದೋ ಬಸ್ಸು. ‘ದಿ ಬಸ್ ಹ್ಯಾಸ್ ಕಮ್’ ಎಂದರೆ ನಾವು ಕಾಯುತ್ತಿದ್ದ ಬಸ್ಸೇ, ಚೀಲ ಎತ್ತಿಕೊಳ್ಳಬೇಕು!

ಎ ಮತ್ತು ಆ್ಯನ್ ನಡುವೆ ಆಯ್ಕೆ ಮಾಡುವಾಗ ಅಕ್ಷರವನ್ನಲ್ಲ, ಉಚ್ಚಾರವನ್ನು ಗಮನಿಸಿ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸುಲಭ. ‘ಅವರ್’ ಸ್ವರದಿಂದ ಆರಂಭವಾಗುತ್ತದೆ: ಆ್ಯನ್ ಅವರ್. ‘ಯೂನಿವರ್ಸಿಟಿ’ ವ್ಯಂಜನದಿಂದ: ಎ ಯೂನಿವರ್ಸಿಟಿ. ‘ವನ್ ರುಪೀ ನೋಟ್’ ಕೂಡ ಹಾಗೆಯೇ. ಒಂದು ಎಚ್ಚರಿಕೆ: ಮಾತಿನಲ್ಲಿ ನಾವು ‘ಯೆಗ್ಗು’ ಎನ್ನುವುದುಂಟು. ಸರಿಯಾದ ಉಚ್ಚಾರ ‘ಎಗ್’. ಆದ್ದರಿಂದ ಆ್ಯನ್ ಎಗ್.

ಇನ್ನು ದಿ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರನ್ನು ‘ಎ ರೈಟರ್’ ಎನ್ನಬಹುದು, ಲೇಖಕರು ಹಲವರಿದ್ದಾರೆ. ಆದರೆ ಮಂಕುತಿಮ್ಮನ ಕಗ್ಗದ ಮಟ್ಟಿಗೆ ಅವರು ‘ದಿ ಆಥರ್’. ಅದನ್ನು ಬರೆದವರು ಒಬ್ಬರೇ. ನದಿಗಳ ಹೆಸರಿಗೆ ದಿ ಬೇಕು: ದಿ ಪಾಲಾರ್. ಊರಿನ ಹೆಸರಿಗೆ ಬೇಡ: ನಂಗಲಿ, ಕೋಲಾರ. ಎಣಿಸಲಾಗದ ವಸ್ತುವನ್ನು ಸಾಮಾನ್ಯವಾಗಿ ಹೇಳುವಾಗಲೂ ಬೇಡ: ‘ಗೋಲ್ಡ್ ಈಸ್ ಎ ಮೆಟಲ್’. 2001ರಲ್ಲಿ ಮುಚ್ಚಿದ ಕೆ.ಜಿ.ಎಫ್. ಗಣಿಯ ಚಿನ್ನವೆಂದು ಗುರುತಿಸಿದರೆ ಮಾತ್ರ ‘ದಿ ಗೋಲ್ಡ್’.

ಇದು ಬರಿಯ ಒಂದು ಅಂಕದ ಮಾತಲ್ಲ. ‘ಫ್ಯೂ ಸ್ಟೂಡೆಂಟ್ಸ್ ಪಾಸ್ಡ್’ ಎಂದರೆ ತೇರ್ಗಡೆಯಾದವರು ಇಲ್ಲವೆನ್ನುವಷ್ಟು ಕಡಿಮೆ. ‘ಎ ಫ್ಯೂ’ ಎಂದರೆ ಕೆಲವರಾದರೂ ಆದರು. ಒಂದಕ್ಷರ ನಿರಾಶೆಯನ್ನು ಸಮಾಧಾನವಾಗಿಸಿತು.

ನಾಮಪದ ಬಂದಾಗಲೆಲ್ಲ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಣಿಸಬಹುದೇ? ಒಂದೇ ಇದೆಯೇ, ಹೆಚ್ಚಿವೆಯೇ? ಓದುವವರಿಗೆ ಅದು ಯಾವುದೆಂದು ಗೊತ್ತೇ? ಇಂದಿನ ಪಾಠದಿಂದ ಹತ್ತು ವಾಕ್ಯ ಆರಿಸಿ ಹೀಗೆ ಪರೀಕ್ಷಿಸಿರಿ.